ಸವೆದ ಕೀಲು, ಸೋರುವ ಸ್ವರ: ಹಳೆಯ ಕ್ಲಾರಿನೆಟ್‌ನ ಕೀಗಳ ದೋಷ ಹುಡುಕಿ ಸರಿಪಡಿಸುವ ಬಗೆ

ಹಳೆಯ ಕ್ಲಾರಿನೆಟ್ ಸರಿಯಾಗಿ ನುಡಿಯುತ್ತಿಲ್ಲ ಅಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಪ್ಯಾಡ್, ಅಂದರೆ ಕೀಯ ಅಡಿಯಲ್ಲಿದ್ದು ತೂತು ಮುಚ್ಚುವ ಮೆತ್ತೆ, ಬದಲಿಸುವುದು. ಆಮೇಲೆ ಕೀಗಳಿಗೆ ಪಾಲಿಶ್. ಹೊಸ ಪ್ಯಾಡ್ ಹಾಕಿದ ಮೇಲೆ ಕೆಲವು ದಿನ ವಾದ್ಯ ಚೆನ್ನಾಗಿಯೇ ನುಡಿಯುತ್ತದೆ. ಆಮೇಲೆ ಮತ್ತೆ ಅದೇ ತೊಂದರೆ. ಕೆಳಗಿನ ಸ್ವರ ಹಿಡಿಯುವುದಿಲ್ಲ, ನಡುನಡುವೆ ಕೀಚಲು ದನಿ, ಕೀ ಒತ್ತಿದಾಗಲೆಲ್ಲ ಟಕ್ ಟಕ್ ಸದ್ದು. ಪ್ಯಾಡ್ ಕಳಪೆ ಇರಬೇಕು ಅಂತ ಬೈದುಕೊಂಡು ಇನ್ನೊಂದು ಸೆಟ್ ತರಿಸುತ್ತಾರೆ. ಪಾಪ, ಅದು ಪ್ಯಾಡಿನ ತಪ್ಪಲ್ಲ.

ಸವೆದಿರುವುದು ಕೀ. ಅದರಲ್ಲೂ ಕಣ್ಣಿಗೆ ಕಾಣುವ ಮೇಲ್ಮೈ ಅಲ್ಲ, ಕೀ ತಿರುಗುವ ಕೀಲು. ಕೀಲು ಸಡಿಲವಾದರೆ ಪ್ಯಾಡ್ ಪ್ರತಿ ಸಲವೂ ಒಂದೊಂದು ಜಾಗದಲ್ಲಿ ಕೂರುತ್ತದೆ. ಎಷ್ಟು ಒಳ್ಳೆಯ ಪ್ಯಾಡ್ ಹಾಕಿದರೂ ಅದಕ್ಕೆ ಕೂರಲು ಒಂದು ಜಾಗವೇ ಇಲ್ಲ. ಹಾಗಾಗಿ ಕೆಲಸದ ಸಾಲು ಹೀಗಿರಬೇಕು: ಮೊದಲು ಕೀಲು, ಆಮೇಲೆ ಸ್ಪ್ರಿಂಗ್, ಆಮೇಲೆ ಪ್ಯಾಡ್ ಮತ್ತು ಕಾರ್ಕ್. ಕೀಗಳನ್ನು ಕಳಚಿದಾಗ ಒಂದು ತೊಳೆತ, ಒಂದು ಹದವಾದ ಉಜ್ಜು ಸಾಕು. ಮರುಲೇಪದ ಹೊಳಪು ಬೇಕೋ ಬೇಡವೋ ಅನ್ನುವುದನ್ನು ವಾದ್ಯ ನುಡಿದ ಮೇಲೆ ನೋಡಬಹುದು.

ನಮ್ಮ ಕಡೆ ಹಳೆಯ ಕ್ಲಾರಿನೆಟ್‌ಗಳಿಗೆ ಕೊರತೆಯಿಲ್ಲ. ಮದುವೆ ಬ್ಯಾಂಡಿನವರ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಬಂದವು ಇವೆ. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿ ರಾಗಗಳನ್ನು ಇದೇ ವಾದ್ಯದಲ್ಲಿ ನುಡಿಸಿ ತೋರಿಸಿದವರು. ಇಷ್ಟೆಲ್ಲ ಹಾಡಿದ ವಾದ್ಯ ಒಂದು ಸಡಿಲ ಕೀಲಿನಿಂದಾಗಿ ಅಟ್ಟ ಸೇರುವುದು ನನಗೆ ನಿಜಕ್ಕೂ ಸಂಕಟದ ಮಾತು. ಮರ ಸೀಳದೆ ಉಳಿದಿದ್ದರೆ ಅದನ್ನು ಮತ್ತೆ ನುಡಿಸುವಂತೆ ಮಾಡಬಹುದು.

ಕೈಯಲ್ಲಿರುವುದು ಯಾವ ವಾದ್ಯ

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಎರಡು ಸಂಗತಿ ಗೊತ್ತಿರಬೇಕು: ಕೀಗಳ ಏರ್ಪಾಡು ಯಾವುದು, ಕೀಗಳ ಲೋಹ ಯಾವುದು.

ಏರ್ಪಾಡು ಸುಲಭ. ಬೆರಳಿನ ತೂತುಗಳ ಸುತ್ತ ಉಂಗುರಗಳು ಜಾಸ್ತಿ ಇದ್ದರೆ, ಅಂದರೆ 17 ಕೀ, 6 ಉಂಗುರ ಇದ್ದರೆ ಅದು ಬೋಮ್ ಪದ್ಧತಿ. ವಾದಕ ಕ್ಲೋಸೆ ಮತ್ತು ವಾದ್ಯ ತಯಾರಕ ಬುಫೆ ಸೇರಿ ಮಾಡಿದ ಇದು 1839ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಕಾಣಿಸಿತು. ಉಂಗುರ ಕಡಿಮೆ ಇದ್ದು, ಕಿರುಬೆರಳಿನ ಕೀಗಳ ಮೇಲೆ ಸಣ್ಣ ಉರುಳೆಗಳಿದ್ದರೆ ಅದು ಆಲ್ಬರ್ಟ್ ಪದ್ಧತಿ ಇರಬಹುದು. ಇವಾನ್ ಮ್ಯೂಲರ್ ಎಂಬ ವಾದಕ 1812ರ ಹೊತ್ತಿಗೆ ತಂದ 13 ಕೀಗಳ ಕ್ಲಾರಿನೆಟ್ ಅದರ ಮೂಲ. ಕೀಲಿನ ರಿಪೇರಿ ಎರಡಕ್ಕೂ ಒಂದೇ. ಬೋಮ್‌ನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕೀಗಳು ಜಾಸ್ತಿ, ಅದರಿಂದ ಒಂದು ಕೀಲಿನ ದೋಷ ಇನ್ನೊಂದು ಸ್ವರದಲ್ಲಿ ಕಾಣಿಸಿಕೊಳ್ಳುತ್ತದೆ. ಮುಂದೆ ಹೇಳುವ ಉದಾಹರಣೆಗಳೆಲ್ಲ ಬೋಮ್‌ನವು.

ಲೋಹದ ವಿಷಯದಲ್ಲಿ ಅವಸರ ಮಾಡಬಾರದು. ಒಳ್ಳೆಯ ಹಳೆಯ ವಾದ್ಯಗಳ ಕೀ ಜರ್ಮನ್ ಸಿಲ್ವರ್‌ನದು. ಹೆಸರಲ್ಲಿ ಸಿಲ್ವರ್ ಇದ್ದರೂ ಬೆಳ್ಳಿ ಚೂರೂ ಇಲ್ಲ. ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ ಅದು. ಅದರ ಮೇಲೆ ಬೆಳ್ಳಿಯ ಅಥವಾ ನಿಕಲ್‌ನ ತೆಳು ಲೇಪ ಇರಬಹುದು, ಇಲ್ಲದೆಯೂ ಇರಬಹುದು. ಕೆಲವು ಅಗ್ಗದ ವಾದ್ಯಗಳಲ್ಲಿ ಹಿತ್ತಾಳೆಯ ಕೀಗೆ ನಿಕಲ್ ಬಳಿದಿರುತ್ತಾರೆ. ಇನ್ನೂ ಕೆಲವುದರಲ್ಲಿ ಸತು ಹೆಚ್ಚಿರುವ ಲೋಹವನ್ನು ಅಚ್ಚಿಗೆ ಸುರಿದು ಮಾಡಿದ ಕೀ ಇರುತ್ತದೆ. ಭಯ ಪಡಬೇಕಾದ್ದು ಈ ಕೊನೆಯದಕ್ಕೆ. ಅದು ಬಗ್ಗುವುದಿಲ್ಲ, ಮುರಿಯುತ್ತದೆ. ಬೆಂಕಿ ತೋರಿಸಿದರೆ ಬೆಳ್ಳಿ ಬೆಸುಗೆ ಕರಗುವ ಮುಂಚೆ ಕೀಯೇ ಕರಗಿ ಹೋಗುತ್ತದೆ.

ಪರೀಕ್ಷೆ ಹೀಗೆ. ಕೀಯ ತಳಭಾಗದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಸಣ್ಣ ಅರದಿಂದ ಒಂದೇ ಒಂದು ಗೀರು ಹಾಕಿ. ಬಿಳಿಯಲ್ಲಿ ನಸು ಹಳದಿ ಬೆರೆತ ಹೊಳಪು ಬಂದರೆ ಜರ್ಮನ್ ಸಿಲ್ವರ್. ಢಾಳಾದ ಹಳದಿ ಬಂದರೆ ಹಿತ್ತಾಳೆ. ನೀಲಿ ಬೆರೆತ ಬೂದು ಬಣ್ಣ ಬಂದರೆ ಅಚ್ಚಿನ ಲೋಹ. ಈಗಾಗಲೇ ಮುರಿದ ಕೀ ಇದ್ದರೆ ಮುರಿದ ಬಾಯಿಯನ್ನೇ ನೋಡಿ. ಹರಳು ಹರಳಾಗಿ, ಬೂದಾಗಿ ಕಂಡರೆ ಅದೂ ಅಚ್ಚಿನದೇ. ಅಂಥ ಕೀಗೆ ಇಕ್ಕಳ, ಸುತ್ತಿಗೆ, ಬೆಂಕಿ ಮೂರೂ ಬೇಡ. ಅದೇ ಅಳತೆಯ ಬೇರೆ ಕೀ ಹುಡುಕುವುದು ವಾಸಿ.

ಬಿಚ್ಚುವ ಮುಂಚೆಯೇ ದೋಷ ಹುಡುಕಿ

ವಾದ್ಯವನ್ನು ಬಿಚ್ಚಿದ ಮೇಲೆ ಸಾಕ್ಷಿ ಅರ್ಧ ಅಳಿಸಿಹೋಗುತ್ತದೆ. ಹಾಗಾಗಿ ಇದ್ದ ಹಾಗೆಯೇ ನೋಡಬೇಕು.

ಮೊದಲು ಗಾಳಿ ಪರೀಕ್ಷೆ. ವಾದ್ಯದ ಮೈ ಎರಡು ತುಂಡುಗಳದು, ಅವನ್ನು ಜಾಯಿಂಟ್ ಅನ್ನುತ್ತಾರೆ; ಮೇಲಿನ ಜಾಯಿಂಟ್ ಒಂದನ್ನೇ ತೆಗೆದುಕೊಳ್ಳಿ. ಎಡಗೈಯ ಮೂರು ಬೆರಳು ಮತ್ತು ಹೆಬ್ಬೆರಳಿನಿಂದ ತೂತುಗಳನ್ನು ಮುಚ್ಚಿ. ಕೆಳಗಿನ ಬಾಯನ್ನು ಬಲ ಅಂಗೈಯಿಂದ ಮುಚ್ಚಿ, ಮೇಲಿನ ತುದಿಯಿಂದ ಗಾಳಿ ಹೀರಿ. ಬಾಯಿ ತೆಗೆದರೂ ಒಳಗಿನ ಹಿಡಿತ ಕೆಲವು ಸೆಕೆಂಡು ನಿಂತು, ಕೈ ತೆಗೆದಾಗ ಪಕ್ ಅಂತ ಬಿಟ್ಟರೆ ಒಳ್ಳೆಯದು. ಹೀರಿದ ತಕ್ಷಣ ಸಡಿಲವಾದರೆ ಎಲ್ಲೋ ಸೋರಿಕೆ ಇದೆ. ಈಗ ಅದೇ ಪರೀಕ್ಷೆ ಮತ್ತೆ ಮಾಡಿ. ಈ ಸಲ ಇನ್ನೊಬ್ಬರಿಗೆ ಹೇಳಿ ಒಂದೊಂದೇ ಪ್ಯಾಡ್ ಕೂತಿರುವ ಲೋಹದ ಬಟ್ಟಲನ್ನು ಮೆತ್ತಗೆ ಅದುಮಿಸಿ. ಯಾವ ಪ್ಯಾಡ್ ಅದುಮಿದಾಗ ಹಿಡಿತ ನಿಲ್ಲುತ್ತದೋ ಸೋರಿಕೆ ಅಲ್ಲಿದೆ.

ಆದರೆ ಅಲ್ಲಿ ಯಾಕೆ ಸೋರುತ್ತಿದೆ? ಇಲ್ಲಿಯೇ ಕೀಲಿನ ಪರೀಕ್ಷೆ ಬೇಕು. ತೆಳುವಾದ ಸಿಗರೇಟು ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು, ಕೀ ಮುಚ್ಚಿ, ಮೆಲ್ಲಗೆ ಎಳೆಯಿರಿ. ನಾಲ್ಕು ದಿಕ್ಕಿನಲ್ಲೂ ಹೀಗೆ ನೋಡಿ. ಒಂದು ಬದಿ ಯಾವಾಗಲೂ ಸಡಿಲ ಅನ್ನಿಸಿದರೆ ಪ್ಯಾಡ್ ಓರೆಯಾಗಿದೆ ಅಥವಾ ಕೀ ಬಾಗಿದೆ. ಒಂದು ಸಲ ಒಂದು ಬದಿ, ಇನ್ನೊಂದು ಸಲ ಇನ್ನೊಂದು ಬದಿ ಸಡಿಲವಾದರೆ ಕೀಲು ಸವೆದಿದೆ. ಈ ವ್ಯತ್ಯಾಸವನ್ನು ಕೈಗೆ ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಗುರುತು ಹಳೆಯ ಪ್ಯಾಡಿನ ಮೇಲೆಯೇ ಬರೆದಿರುತ್ತದೆ. ಪ್ಯಾಡನ್ನು ಬೆಳಕಿಗೆ ಹಿಡಿದು ಅದರ ಮುಖ ನೋಡಿ. ತೂತಿನ ಅಂಚು ಒತ್ತಿದ ಜಾಗದಲ್ಲಿ ಒಂದು ಗೋಲಗೆರೆ ಇರುತ್ತದೆ. ಅದು ಒಂದೇ ಗೆರೆಯಾಗಿ, ಚೂಪಾಗಿ, ಸುತ್ತಲೂ ಒಂದೇ ಆಳವಾಗಿದ್ದರೆ ಕೀಲು ಗಟ್ಟಿ. ಗೆರೆ ಅಗಲವಾಗಿ ಹರಡಿದ್ದರೆ, ಒಂದರ ಪಕ್ಕದಲ್ಲಿ ಇನ್ನೊಂದು ಬಿದ್ದು ಜೋಡಿ ಚಂದ್ರನ ಹಾಗೆ ಕಂಡರೆ, ಕೀ ಅಡ್ಡಡ್ಡ ಓಡಾಡುತ್ತಿದೆ ಅಂತ ಅರ್ಥ. ಪೊರೆ ಅಲ್ಲೇ ಹರಿದಿರುವುದೂ ಉಂಟು. ಹಳೆಯ ಪ್ಯಾಡ್‌ಗಳನ್ನು ನೋಡದೆ ಎಸೆಯಬೇಡಿ ಅನ್ನುವುದು ಅದಕ್ಕೇ.

ಆಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ. ಕೀಯನ್ನು ಎರಡು ಬೆರಳಲ್ಲಿ ಹಿಡಿದು ವಾದ್ಯದ ಉದ್ದಕ್ಕೆ ಆಚೆ ಈಚೆ ತಳ್ಳಿ. ಟಿಕ್ ಅಂತ ಸರಿದರೆ ಕೀಲಿನ ಕೊಳವೆಯ ತುದಿಗಳು ಸವೆದಿವೆ. ಕೀಯನ್ನು ಎರಡು ಬದಿ ಹಿಡಿದಿರುವ ಲೋಹದ ಪುಟ್ಟ ಕಂಬಗಳ, ಅಂದರೆ ಪೋಸ್ಟುಗಳ, ನಡುವೆ ಅದು ಗಿಡ್ಡವಾಗಿದೆ. ಆಮೇಲೆ ಮೇಲೆ ಕೆಳಗೆ ಒತ್ತಿ ಎತ್ತಿ. ಕೀಲು ಕುಲುಕಿದರೆ ಕೊಳವೆಯ ಒಳಮೈ ಅಥವಾ ಅದರೊಳಗಿನ ಉಕ್ಕಿನ ರಾಡ್ ಸವೆದಿದೆ. ಇವೆರಡಕ್ಕೂ ರಿಪೇರಿ ಬೇರೆ ಬೇರೆ, ಹಾಗಾಗಿ ಒಂದೊಂದು ಕೀಯ ಮುಂದೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೀ ಅಲ್ಲಾಡಿಸುವಾಗ ಪೋಸ್ಟಿನ ಬುಡವನ್ನೂ ಗಮನಿಸಿ. ಎಷ್ಟೋ ಸಲ ಅಲ್ಲಾಡುವುದು ಕೀ ಅಲ್ಲ, ಪೋಸ್ಟೇ.

ಸದ್ದಿನ ಬಗ್ಗೆ ಒಂದು ಸುಲಭ ಉಪಾಯ. ಕೀ ಟಕ್ ಟಕ್ ಅನ್ನುತ್ತಿದ್ದರೆ ಕೀಲಿಗೆ ಒಂದು ಹನಿ ದಪ್ಪ ಎಣ್ಣೆ ಬಿಟ್ಟು ನೋಡಿ. ಸದ್ದು ಅಡಗಿದರೆ ಅದು ಕೀಲಿನ ಸವೆತದ್ದು. ಅಡಗದಿದ್ದರೆ ಕಾರ್ಕ್ ಬಿದ್ದುಹೋಗಿ ಲೋಹಕ್ಕೆ ಲೋಹ ಬಡಿಯುತ್ತಿದೆ. ಎಡಗೈ ಕಿರುಬೆರಳಿನ ಕೀಗಳ ತುದಿಯಲ್ಲಿ ಸಣ್ಣ ಪಿನ್ ಇರುತ್ತದೆ, ಅದು ಬಲಗೈ ಕೀಯ ತೂತಿನಲ್ಲಿ ಕೂರುತ್ತದೆ. ಆ ಪಿನ್ನಿಗೆ ಸುತ್ತಿದ ಪೊರೆ ಹರಿದರೂ ಇದೇ ಸದ್ದು. ದಪ್ಪ ಎಣ್ಣೆ ಔಷಧಿಯಲ್ಲ, ಪರೀಕ್ಷೆಗೆ ಮಾತ್ರ. ನಾಳೆ ಕಛೇರಿ ಇದೆ, ಬೇರೆ ದಾರಿಯಿಲ್ಲ ಅಂದರೆ ಒಂದು ದಿನ ಅದರಲ್ಲೇ ದೂಡಬಹುದು.

ಕೆಳಗಿನ ಇ ಮತ್ತು ಎಫ್

ಸವೆತ ಮೊದಲು ಬಾಧಿಸುವುದು ವಾದ್ಯದ ತೀರ ಕೆಳಗಿನ ಇ ಮತ್ತು ಎಫ್ ಸ್ವರಗಳನ್ನು, ಅದರಿಂದ ಇದನ್ನು ಬಿಡಿಸಿ ಹೇಳಬೇಕು. ಕೆಳಗಿನ ಜಾಯಿಂಟಿನ ಉದ್ದನೆಯ ಕೀಗಳು ಬಹಳ ಭಾರ, ಅವುಗಳ ಬಟ್ಟಲೂ ದೊಡ್ಡದು. ಇ ನುಡಿಸಲು ಒಂದು ಕೀ ಒತ್ತಿದರೆ ಎರಡು ಪ್ಯಾಡ್ ಒಟ್ಟಿಗೆ ಮುಚ್ಚಬೇಕು: ಇ-ಬಿ ಪ್ಯಾಡ್ ಮತ್ತು ಎಫ್-ಸಿ ಪ್ಯಾಡ್ (ಒಂದೇ ಬೆರಳಿನ ಹಿಡಿತದಲ್ಲಿ ಕೆಳಗೆ ಇ, ಮೇಲೆ ಬಿ; ಹಾಗೇ ಎಫ್ ಮತ್ತು ಸಿ). ಎಫ್-ಸಿ ಕೀಗೆ ಕಾಗೆಯ ಕಾಲಿನಂತೆ ಕವಲೊಡೆದ ಒಂದು ತುಂಡು ಇರುತ್ತದೆ, ಅದು ಎರಡನ್ನೂ ಜೋಡಿಸುತ್ತದೆ. ಕೀಲು ಸವೆದಾಗ ಒಂದು ಪ್ಯಾಡ್ ಮುಚ್ಚಿ ಇನ್ನೊಂದು ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ಜೋರಾಗಿ ಒತ್ತಿದರೆ ಸ್ವರ ಬರುತ್ತದೆ, ಮೆತ್ತಗೆ ಒತ್ತಿದರೆ ಇಲ್ಲ. ನುಡಿಸುವವರು ಗೊತ್ತಿಲ್ಲದೆಯೇ ಕಿರುಬೆರಳಿಗೆ ಬಲ ಕೊಡುತ್ತಾ ಹೋಗುತ್ತಾರೆ, ಆ ಬಲದಿಂದ ಕೀಲು ಇನ್ನಷ್ಟು ಸವೆಯುತ್ತದೆ.

ಇಲ್ಲಿ ಬಹಳ ಜನ ಆ ಕವಲನ್ನು ಬಗ್ಗಿಸಲು ಹೋಗುತ್ತಾರೆ. ದಯವಿಟ್ಟು ಬೇಡ. ಕೀಲು ಸರಿಯಾಗುವವರೆಗೆ ಕವಲು ಎಲ್ಲಿರಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಇವತ್ತು ಬಗ್ಗಿಸಿದ್ದನ್ನು ನಾಳೆ ವಾಪಸ್ ಬಗ್ಗಿಸಬೇಕಾಗುತ್ತದೆ, ಮೂರನೆಯ ಸಲ ಅದು ಮುರಿಯುತ್ತದೆ.

ಬಿಚ್ಚುವುದು

ಒಂದು ರಟ್ಟಿನ ಮೇಲೆ ವಾದ್ಯದ ಚಿತ್ರ ಬರೆದು, ತೆಗೆದ ಪ್ರತಿ ರಾಡನ್ನೂ ಅದರದೇ ಜಾಗದಲ್ಲಿ ಚುಚ್ಚಿಡಿ. ನೋಡಲು ಒಂದೇ ಥರ ಇದ್ದರೂ ಒಂದರ ರಾಡ್ ಇನ್ನೊಂದಕ್ಕೆ ಹೊಂದುವುದಿಲ್ಲ. ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂವಿನ ಗೀರಿಗೆ ಸರಿಯಾಗಿ ತುಂಬಬೇಕು. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರ್ ಚೆನ್ನಾಗಿ ಒಗ್ಗುತ್ತದೆ.

ತುಕ್ಕು ಹಿಡಿದು ಕೂತ ಸ್ಕ್ರೂವನ್ನು ಬಲದಿಂದ ತಿರುಗಿಸಬೇಡಿ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸೂಜಿಯ ಮೊನೆಯಿಂದ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಬಿಸಿಯಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ ಸ್ವಲ್ಪ ಹೊತ್ತು ತಾಗಿಸಿ, ಆರಿದ ಮೇಲೆ ಮತ್ತೆ ಪ್ರಯತ್ನಿಸಿ. ಬಿಸಿಗೆ ಹಿಗ್ಗಿ ಕುಗ್ಗಿದಾಗ ತುಕ್ಕಿನ ಹಿಡಿತ ಬಿಡುತ್ತದೆ. ವಾದ್ಯದ ಮೈ ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನದಾದರೆ ಈ ಬಿಸಿಯ ಕೆಲಸವೂ ಎಚ್ಚರದಿಂದ, ಅದು ಬೇಗ ಮೆತ್ತಗಾಗುತ್ತದೆ.

ಹಿಂದಿನವರ ರಿಪೇರಿಗಳು ಈಗ ಹೊರಗೆ ಬರುತ್ತವೆ. ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡ್, ಪೋಸ್ಟಿನ ಬುಡಕ್ಕೆ ಫೆವಿಕ್ವಿಕ್, ಮುರಿದ ಕೀಗೆ ಎಂ-ಸೀಲ್. ಊರೂರು ತಿರುಗಿ ನುಡಿಸುವವರು ಸಿಕ್ಕಿದ್ದರಲ್ಲಿ ಕೆಲಸ ಸಾಗಿಸಿದ್ದಾರೆ, ಅವರನ್ನು ದೂರಿ ಏನೂ ಬರುವುದಿಲ್ಲ. ರಬ್ಬರ್ ಬ್ಯಾಂಡ್ ಮಾತ್ರ ತಕ್ಷಣ ತೆಗೆಯಿರಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯ ಲೇಪವನ್ನು ಕಪ್ಪಾಗಿಸುತ್ತದೆ.

ಉದ್ದದ ಸಡಿಲಕ್ಕೆ

ಕೀ ಎರಡು ಪೋಸ್ಟುಗಳ ನಡುವೆ ಸರಿದಾಡುತ್ತಿದ್ದರೆ ಕೊಳವೆಯನ್ನು ಚೂರು ಉದ್ದ ಮಾಡಬೇಕು. ಇದಕ್ಕೆ ಸ್ವೆಜಿಂಗ್ ಅಂತ ಕರೆಯುತ್ತಾರೆ. ಕೊಳವೆಯೊಳಗೆ ಅದರದೇ ಅಳತೆಯ ಉಕ್ಕಿನ ಕಡ್ಡಿ ತೂರಿಸಿ. ಹೊರಗಿನಿಂದ ಗುಂಡನೆಯ ಬಾಯಿಯ ವಿಶೇಷ ಇಕ್ಕಳದಿಂದ ಹಗುರವಾಗಿ ಅದುಮುತ್ತಾ ಕೀಯನ್ನು ತಿರುಗಿಸುತ್ತಾ ಹೋಗಿ. ಸುತ್ತಲಿಂದ ಒತ್ತಡ ಬಿದ್ದಾಗ ಲೋಹ ಉದ್ದಕ್ಕೆ ಹರಿಯುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲು ಬೆಳೆದರೂ ಸಾಕು. ಎರಡು ಸಲ ಅದುಮಿ, ವಾದ್ಯಕ್ಕೆ ಕೂರಿಸಿ ನೋಡಿ, ಮತ್ತೆ ಎರಡು ಸಲ. ಜಾಸ್ತಿ ಉದ್ದವಾದರೆ ತುದಿಯನ್ನು ಅರದಿಂದ ಉಜ್ಜಿ ನೇರ ಮಾಡಬೇಕಾಗುತ್ತದೆ, ಅದು ಬೇಡದ ಕೆಲಸ.

ಒಳಗೆ ಕಡ್ಡಿ ಇಲ್ಲದೆ ಅದುಮಿದರೆ ಕೊಳವೆ ಚಪ್ಪಟೆಯಾಗುತ್ತದೆ. ಹಲ್ಲಿರುವ ಸಾಮಾನ್ಯ ಕಟಿಂಗ್ ಪ್ಲೇಯರ್ ಹಿಡಿದರೆ ಮೈಯೆಲ್ಲ ಗಾಯ. ಸ್ವೆಜಿಂಗ್ ಇಕ್ಕಳ ಇಲ್ಲದವರು ಜರ್ಮನ್ ಸಿಲ್ವರ್ ಕೊಳವೆಯಿಂದ ತೆಳುವಾದ ಬಿಲ್ಲೆ ಕತ್ತರಿಸಿ ಸಂದಿಗೆ ಹಾಕಬಹುದು. ಸಂದು ದೊಡ್ಡದಿದ್ದಾಗ ನನಗೆ ಬಿಲ್ಲೆಯೇ ಇಷ್ಟ, ಯಾಕೆಂದರೆ ತುಂಬ ಎಳೆದ ಕೊಳವೆಯ ಗೋಡೆ ತೆಳ್ಳಗಾಗುತ್ತದೆ.

ಕೆಲವು ಸಣ್ಣ ಕೀಗಳಿಗೆ ಉದ್ದ ರಾಡ್ ಇರುವುದಿಲ್ಲ, ಎರಡು ತುದಿಯಿಂದ ಮೊನೆ ಸ್ಕ್ರೂ ಚುಚ್ಚಿ ಹಿಡಿದಿರುತ್ತದೆ. ಅಲ್ಲಿ ಸಡಿಲವಿದ್ದರೆ ಮೊದಲು ಸ್ಕ್ರೂವನ್ನು ಸ್ವಲ್ಪ ಬಿಗಿ ಮಾಡಿ ನೋಡಿ. ಸ್ಕ್ರೂವಿನ ತಲೆ ಪೋಸ್ಟಿಗೆ ತಾಗಿ ನಿಂತಿದ್ದರೆ ಅದು ಇನ್ನು ಮುಂದೆ ಹೋಗುವುದಿಲ್ಲ. ಆಗ ಪೋಸ್ಟಿನಲ್ಲಿ ತಲೆ ಕೂರುವ ಗುಳಿಯನ್ನು ಚೂರು ಆಳ ಮಾಡಬೇಕು. ಇದನ್ನು ಕೈಯಲ್ಲೇ ತಿರುಗಿಸುವ ಉಳಿಯಿಂದ ಮಾಡಿ, ಡ್ರಿಲ್ ಮಶೀನು ಬೇಡ.

ಅಡ್ಡದ ಸಡಿಲಕ್ಕೆ

ರಾಡನ್ನು ಹೊರತೆಗೆದು ಬೆಳಕಿಗೆ ಹಿಡಿದು ಬೆರಳಲ್ಲಿ ಹೊರಳಿಸಿ. ಸವೆದ ಜಾಗ ಕೈಗೇ ಗೊತ್ತಾಗುತ್ತದೆ, ಅಲ್ಲಿ ಸೊಂಟ ಸಣ್ಣಗಾಗಿರುತ್ತದೆ. ಕ್ಲಾರಿನೆಟ್‌ನ ರಾಡ್‌ಗಳು ಸುಮಾರು 2 ಮಿಲಿಮೀಟರ್ ದಪ್ಪದವು. ರಾಡ್ ಮಾತ್ರ ಸವೆದಿದ್ದರೆ ಒಳ್ಳೆಯ ಸುದ್ದಿ: ಸಿಲ್ವರ್ ಸ್ಟೀಲ್ ಅನ್ನುವ ಉಕ್ಕಿನ ಕಡ್ಡಿಯಿಂದ ಹೊಸ ರಾಡ್ ಮಾಡಿಸಬಹುದು. ಗಡಿಯಾರದ ಕೆಲಸ ಬಲ್ಲವರು ಅಥವಾ ಸಣ್ಣ ಲೇತ್ ಇಟ್ಟುಕೊಂಡವರು ತುದಿಗೆ ಮರೆ (ಸ್ಕ್ರೂವಿನ ಸುರುಳಿ ಗೆರೆ) ಕೊರೆದು ಕೊಡುತ್ತಾರೆ. ಹಳೆಯ ರಾಡನ್ನು ಮಾದರಿಗೆ ಕೊಡಿ, ಆದರೆ ಅಳತೆಯನ್ನು ಸವೆಯದ ತುದಿಯಲ್ಲಿ ತೆಗೆಯಲು ಹೇಳಿ.

ಕೊಳವೆಯ ಒಳಮೈ ಸವೆದಿದ್ದರೆ ಎರಡು ದಾರಿ. ಕೊಳವೆಯನ್ನು ಸ್ವೆಜ್ ಮಾಡಿ ಇದ್ದ ರಾಡಿನ ಮೇಲೆ ಬಿಗಿಯಾಗಿ ಕೂರಿಸುವುದು ಒಂದು. ಕೊಳವೆಯನ್ನು ರೀಮರ್‌ನಿಂದ, ಅಂದರೆ ತೂತು ಹಿಗ್ಗಿಸುವ ಉಪಕರಣದಿಂದ, ಒಂದು ಅಳತೆ ದೊಡ್ಡದು ಮಾಡಿ ದಪ್ಪ ರಾಡ್ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಪೋಸ್ಟಿನ ತೂತನ್ನೂ ದೊಡ್ಡದು ಮಾಡಬೇಕು. ಒಮ್ಮೆ ಮಾಡಿದರೆ ಹಿಂದಕ್ಕೆ ಹೋಗಲಾಗದು. ಮೊದಲನೆಯದನ್ನು ಪೂರ್ತಿ ಪ್ರಯತ್ನಿಸದೆ ಎರಡನೆಯದಕ್ಕೆ ಕೈ ಹಾಕಬೇಡಿ.

ಸರಿಯಾದ ಕೀಲಿನ ಗುರುತು ಇದು: ಸ್ಪ್ರಿಂಗ್ ಬಿಚ್ಚಿಟ್ಟು, ಎಣ್ಣೆ ಹಾಕದೆ, ವಾದ್ಯವನ್ನು ಓರೆ ಮಾಡಿದರೆ ಕೀ ತನ್ನ ಭಾರಕ್ಕೇ ನಿಧಾನವಾಗಿ ಬೀಳಬೇಕು. ಎಲ್ಲೂ ತಡೆಯಬಾರದು. ಹಾಗೇ ಯಾವ ದಿಕ್ಕಿಗೂ ಕುಲುಕಬಾರದು. ಬಿಗಿ ಕೀಲಿಗೆ ಸ್ಪ್ರಿಂಗ್ ಗಟ್ಟಿ ಮಾಡಿ ಸರಿದೂಗಿಸುವುದು ಕೆಟ್ಟ ಅಭ್ಯಾಸ.

ಪೋಸ್ಟ್ ತಿರುಗುತ್ತಿದ್ದರೆ

ಕ್ಲಾರಿನೆಟ್ ಮರ ಸಾಮಾನ್ಯವಾಗಿ ಆಫ್ರಿಕಾದ ಕರಿಮರ. ಬಹಳ ಗಟ್ಟಿ, ಆದರೂ ಮರವೇ ತಾನೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಕರಾವಳಿಯ ಮಳೆಗಾಲದಲ್ಲಿ ನೀರು ಹೀರಿ ಹಿಗ್ಗುತ್ತದೆ. ಒಣಗಿದಾಗ ಪೋಸ್ಟ್ ಸಡಿಲವಾಗಿ ಸ್ಪ್ರಿಂಗಿನ ಎಳೆತಕ್ಕೆ ಚೂರು ತಿರುಗುತ್ತದೆ. ಆಗ ರಾಡ್ ಓರೆಯಾಗಿ ಕೀ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾತ್ರ ಕೀ ಅಂಟುತ್ತದೆ, ಮಳೆ ಬಂದ ಮೇಲೆ ಸರಿಹೋಗುತ್ತದೆ ಅಂದರೆ ಕೀಯನ್ನು ಮುಟ್ಟಬೇಡಿ, ಪೋಸ್ಟ್ ನೋಡಿ.

ಪೋಸ್ಟನ್ನು ಬಿಚ್ಚಿ, ಬುಡಕ್ಕೆ ತೆಳುವಾದ ಲೋಹದ ಬಿಲ್ಲೆ ಹಾಕಿ ಮತ್ತೆ ತಿರುಗಿಸಿದರೆ ಸರಿಯಾದ ದಿಕ್ಕಿಗೆ ಬಂದು ಬಿಗಿಯಾಗಿ ನಿಲ್ಲುತ್ತದೆ. ಮರದ ಮರೆ ಸವೆದಿದ್ದರೆ ಸ್ವಲ್ಪ ಅರಗು ಹಾಕಿ ಕೂರಿಸಬಹುದು. ಅರಗು ಯಾಕೆ ಅಂದರೆ ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿ ತೋರಿಸಿದರೆ ಸಾಕು, ಬಿಟ್ಟುಬಿಡುತ್ತದೆ.

ಸ್ಪ್ರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಲಿ ಉಕ್ಕಿನ ಸೂಜಿ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಇವತ್ತಲ್ಲ ನಾಳೆ ಮುರಿಯುತ್ತದೆ, ಬದಲಿಸಿ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇದು ಬೇಗ. ಹೊಲಿಗೆ ಸೂಜಿಯನ್ನು ನೀಲಿ ಬಣ್ಣ ಬರುವವರೆಗೆ ಕಾಯಿಸಿ ಹದ ಮಾಡಿ ಹಾಕುವುದು ಹಳೆಯ ರೂಢಿ. ಸುಮಾರು 300 ಡಿಗ್ರಿಯಲ್ಲಿ ಆ ಬಣ್ಣ ಬರುತ್ತದೆ, ಆಗ ಸೂಜಿ ಪಟಕ್ಕನೆ ಮುರಿಯದೆ ಬಾಗುತ್ತದೆ.

ಮುರಿದ ಕೀ, ಗುಳಿ ಬಿದ್ದ ಕೀ

ಮುರಿದ ಜರ್ಮನ್ ಸಿಲ್ವರ್ ಕೀಯನ್ನು ಬೆಳ್ಳಿ ಬೆಸುಗೆಯಿಂದ ಸೇರಿಸಬೇಕು. ಸೀಸದ ಬೆಸುಗೆ ನಿಲ್ಲುವುದಿಲ್ಲ. ನಿಮ್ಮ ಊರಿನ ಅಕ್ಕಸಾಲಿಗರಿಗೆ ಈ ಕೆಲಸ ಕರತಲಾಮಲಕ. ಬಿಳಿಗಾರ ಹಚ್ಚಿ, ಊದಿ, ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಅವರಿಗೆ ಮೂರು ಮಾತು ಹೇಳಲೇಬೇಕು. ಪ್ಯಾಡ್, ಸ್ಪ್ರಿಂಗ್, ಕಾರ್ಕ್ ತೆಗೆದೇ ಕೊಡಬೇಕು, ಬೆಂಕಿ ತಾಗಿದರೆ ಸ್ಪ್ರಿಂಗಿನ ಹದ ಹೋಗುತ್ತದೆ. ಹಳೆಯ ಸೀಸದ ಬೆಸುಗೆಯ ಮಂಕು ಬೂದು ಗಡ್ಡೆ ಇದ್ದರೆ ಪೂರ್ತಿ ಉಜ್ಜಿ ತೆಗೆಯಬೇಕು. ಸ್ವಲ್ಪ ಉಳಿದರೂ ದೊಡ್ಡ ಬೆಂಕಿಯಲ್ಲಿ ಸೀಸ ಕೀಯ ಲೋಹವನ್ನು ತಿಂದು ತೂತು ಮಾಡುತ್ತದೆ. ಹಾಗೇ ಎರಡು ತುಂಡುಗಳು ಮೊದಲಿದ್ದ ಕೋನದಲ್ಲೇ ಸೇರಬೇಕು. ಇದಕ್ಕೆ ಕೀಯನ್ನು ವಾದ್ಯದ ಮೇಲೆ ಹೊಂದಿಸಿ ಗುರುತು ಮಾಡಿಕೊಂಡು ಹೋಗಿ. ಚಿನ್ನದ ಕೆಲಸದವರ ಕೈ ಸೂಕ್ಷ್ಮ, ಆದರೆ ಕೋನ ಯಾವುದು ಅಂತ ಅವರಿಗೆ ಗೊತ್ತಿರುವುದಿಲ್ಲ.

ಬೆಂಕಿ ತಾಗಿದ ಜಾಗ ಮೆತ್ತಗಾಗುತ್ತದೆ ಅನ್ನುವುದು ನೆನಪಿರಲಿ. ಅಂಥ ಕೀ ಮೊದಲಿಗಿಂತ ಸುಲಭವಾಗಿ ಬಾಗುತ್ತದೆ, ವಾದ್ಯ ಜೋಡಿಸುವಾಗ ಅದನ್ನು ಹಿಡಿದು ತಿರುಗಿಸಬೇಡಿ.

ಬೆರಳು ತಾಗಿ ತಾಗಿ ಗುಳಿ ಬಿದ್ದ ಕೀಯನ್ನು ಬೆಳ್ಳಿ ಬೆಸುಗೆ ತುಂಬಿಸಿ ಎತ್ತರಿಸಬಹುದು. ಬೇಕೇ ಬೇಕು ಅಂತಿಲ್ಲ. ಗುಳಿ ಬೆರಳಿಗೆ ಹಿತವಾಗಿದ್ದರೆ ಬಿಟ್ಟುಬಿಡಿ, ಹಿಂದಿನವರ ಬೆರಳೇ ಅದಕ್ಕೆ ಆಕಾರ ಕೊಟ್ಟಿದೆ. ಉಂಗುರಗಳ ವಿಷಯ ಬೇರೆ. ಬೆರಳು ಜಾರಿಸಿ ಗಮಕ ತೆಗೆಯುವವರ ವಾದ್ಯದಲ್ಲಿ ಉಂಗುರದ ಒಂದು ಬದಿ ತೆಳ್ಳಗಾಗಿ ಅಂಚು ಚೂಪಾಗಿರಬಹುದು. ಅಂಚನ್ನು 1000 ನಂಬರಿನ ಎಮೆರಿ ಕಾಗದದಿಂದ ಮೆದು ಮಾಡಿ. ಉಂಗುರ ಒತ್ತಿದಾಗ ಅದು ತೂತಿನ ಅಂಚಿಗೆ ಸಮವಾಗಿ ಇಳಿಯುತ್ತದೆಯೇ ನೋಡಿ. ತೀರ ಕೆಳಗೆ ಬಾಗಿದ್ದರೆ ಬೆರಳು ತೂತನ್ನು ಮುಚ್ಚುತ್ತದೆ, ಆದರೆ ಅದಕ್ಕೆ ಜೋಡಿಯಾದ ಪ್ಯಾಡ್ ಪೂರ್ತಿ ಮುಚ್ಚುವುದಿಲ್ಲ.

ಹೊಳಪು

ಮನೆಯಲ್ಲಿ ಹಿತ್ತಾಳೆ ಪಾತ್ರೆ ತೊಳೆದ ಅಭ್ಯಾಸದಿಂದ ಹುಣಸೆಹಣ್ಣು ಕೈಗೆ ಬರುತ್ತದೆ, ಅಲ್ವಾ? ಕ್ಲಾರಿನೆಟ್ ಕೀಗೆ ಅದು ಬೇಡ. ಹುಳಿ ಜರ್ಮನ್ ಸಿಲ್ವರ್‌ನಲ್ಲಿರುವ ಸತುವನ್ನು ಎಳೆದು ತಾಮ್ರದ ನಸುಗೆಂಪನ್ನು ಮೇಲೆ ಬಿಡುತ್ತದೆ. ಕೊಳವೆಯೊಳಗೆ ಹೊಕ್ಕ ಹುಳಿ ತೊಳೆದರೂ ಪೂರ್ತಿ ಹೋಗುವುದಿಲ್ಲ, ಮತ್ತೆ ಕಿಲುಬು ಕಟ್ಟುತ್ತದೆ.

ಮೊದಲು ಬೆಚ್ಚಗಿನ ನೀರು, ಪಾತ್ರೆ ಸೋಪು, ಮೆದು ಬ್ರಶ್. ಎಷ್ಟೋ ಕೀಗಳಿಗೆ ಇಷ್ಟೇ ಸಾಕು, ಕಪ್ಪು ಅಂದುಕೊಂಡದ್ದು ಬೆವರು ಮತ್ತು ಧೂಳಿನ ಜಿಡ್ಡು. ಬೆಳ್ಳಿ ಲೇಪದ ಕೀ ಕಪ್ಪಾಗಿದ್ದರೆ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಕೀಗಳು ಹಾಳೆಗೆ ತಾಗುವಂತೆ ಇಡಿ. ಕಪ್ಪು ತಾನಾಗಿ ಬಿಡುತ್ತದೆ, ಬೆಳ್ಳಿ ಉಜ್ಜಿ ಹೋಗುವುದಿಲ್ಲ. ಇದು ಬೆಳ್ಳಿಗೆ ಮಾತ್ರ, ನಿಕಲ್‌ಗೆ ಏನೂ ಆಗದು. ಉಕ್ಕಿನ ಸ್ಪ್ರಿಂಗ್ ಇರುವಾಗ ನೀರಿಗೆ ಹಾಕಬೇಡಿ. ತೊಳೆದ ಮೇಲೆ ಕೊಳವೆಯೊಳಗೆ ಪೈಪ್ ಕ್ಲೀನರ್ ಓಡಿಸಿ ಚೆನ್ನಾಗಿ ಒಣಗಿಸಿ.

ಲೋಹದ ಪಾಲಿಶ್ ಬಳಸುವುದಾದರೆ ಕೀ ವಾದ್ಯದಿಂದ ಹೊರಗಿರಬೇಕು. ವಾದ್ಯದ ಮೇಲೆಯೇ ಉಜ್ಜಿದರೆ ಪಾಲಿಶ್‌ನ ನುಣುಪು ಪುಡಿ ಕೀಲಿಗೆ ಇಳಿದು ಅಲ್ಲೇ ಕೂತು ಸವೆಸುತ್ತದೆ. ಕೀಲು ಸರಿ ಮಾಡಿದ್ದೂ ದಂಡ.

ಮರುಲೇಪಕ್ಕೆ ಹೋಗಬೇಕಾದ ಸಂದರ್ಭ ಕಡಿಮೆ. ನಿಕಲ್ ಪಕಳೆ ಎದ್ದು ಬೆರಳಿಗೆ ಚುಚ್ಚುತ್ತಿದ್ದರೆ, ಅಥವಾ ನುಡಿಸುವವರಿಗೆ ನಿಕಲ್ ತಾಗಿ ಚರ್ಮ ತುರಿಸುತ್ತಿದ್ದರೆ ಬೆಳ್ಳಿ ಲೇಪ ಹಾಕಿಸುವುದು ಒಳ್ಳೆಯದು. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರು ಸಾಕಷ್ಟಿದ್ದಾರೆ. ಅವರ ರೂಢಿ ಬೈಕಿನ ಬಿಡಿಭಾಗ, ನಲ್ಲಿ, ಹಿಡಿಕೆ. ಲೇಪಕ್ಕೆ ಮುಂಚೆ ದೊಡ್ಡ ಬಫಿಂಗ್ ಚಕ್ರಕ್ಕೆ ಕೊಟ್ಟರೆ ಕೀಯ ಅಂಚುಗಳು ಕರಗಿ ಗುಂಡಗಾಗುತ್ತವೆ, ಸ್ಕ್ರೂವಿನ ತೂತು ಅಗಲವಾಗುತ್ತದೆ. ಬಫಿಂಗ್ ನಾವೇ ಕೈಯಲ್ಲಿ ಮುಗಿಸಿ, ಲೇಪ ಮಾತ್ರ ಹಾಕಿಕೊಡಿ ಅಂತ ಕೇಳಬೇಕು. ಕೊಳವೆಯ ಎರಡೂ ಬಾಯಿಗಳನ್ನು ಮೇಣದಿಂದ ಮುಚ್ಚಿ ಕೊಡಿ. ತುದಿಗೆ ಲೇಪ ಕೂತರೆ ಸರಿಯಾಗಿ ಹೊಂದಿಸಿದ ಕೀ ಮತ್ತೆ ಬಿಗಿಯಾಗುತ್ತದೆ.

ಜೋಡಿಸಿ ನೋಡುವುದು

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಸೂಜಿಯ ಮೊನೆಯಲ್ಲಿ ಒಂದೊಂದು ಹನಿ. ಮರಕ್ಕೆ, ಪ್ಯಾಡಿಗೆ ಚೆಲ್ಲಬಾರದು. ಹೊಸ ಕಾರ್ಕ್‌ಗಳನ್ನು ಈಗ ಅಂಟಿಸಿ, ಮುಂಚೆ ಅಲ್ಲ. ಕೀಲು ಬಿಗಿಯಾದ ಮೇಲೆ ಕೀ ಏಳುವ ಎತ್ತರ ಬದಲಾಗಿರುತ್ತದೆ. ಪ್ಯಾಡನ್ನು ಅರಗಿನಿಂದ ಕೂರಿಸಿ, ಬಟ್ಟಲಿಗೆ ಹಗುರ ಬಿಸಿ ತೋರಿಸಿ, ತಾನೇ ಸಮವಾಗಿ ಕೂರಲು ಬಿಡಿ.

ಮೇಲಿನ ಜಾಯಿಂಟಿನ ಎ ಕೀಯಲ್ಲಿರುವ ಸಣ್ಣ ಹೊಂದಿಕೆ ಸ್ಕ್ರೂವನ್ನು ಕೊನೆಗೆ ನೋಡಿ. ಅದು ಬಿಗಿ ಜಾಸ್ತಿಯಾದರೆ ಪ್ಯಾಡ್ ಮುಚ್ಚದೆ ಇಡೀ ವಾದ್ಯ ಸೋರುತ್ತದೆ. ಕೂದಲೆಳೆಯಷ್ಟು ಸಂದು ಬಿಟ್ಟರೆ ಸರಿ. ಎರಡು ಜಾಯಿಂಟುಗಳನ್ನು ಸೇರಿಸುವ ಕೊಂಡಿಯ ಕಾರ್ಕ್ ತೆಳ್ಳಗಾಗಿದ್ದರೆ ಎರಡೂ ಕೈಯ ತೋರುಬೆರಳಿನಲ್ಲಿ ಹಿಡಿಯುವ ಸ್ವರ ಮಂಕಾಗುತ್ತದೆ, ಅದನ್ನೂ ಬದಲಿಸಿ.

ಈಗ ಮತ್ತೆ ಗಾಳಿ ಹೀರುವ ಪರೀಕ್ಷೆ, ಎರಡು ಜಾಯಿಂಟಿಗೂ ಬೇರೆ ಬೇರೆಯಾಗಿ. ಆಮೇಲೆ ಮೌತ್‌ಪೀಸ್ ಹಾಕಿ ಕೆಳಗಿನ ಇ ಹಿಡಿಯಿರಿ. ಕಿರುಬೆರಳನ್ನು ಆದಷ್ಟು ಹಗುರ ಇಡಿ. ಮೆತ್ತಗೆ ಊದಿದರೂ ಸ್ವರ ನಿಂತರೆ, ಅದೇ ಬೆರಳುಗಳನ್ನು ಇಟ್ಟುಕೊಂಡು ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿ ಮೇಲಿನ ಬಿಗೆ ಹೋಗಿ. ತಡವರಿಸದೆ ಹೋದರೆ ಕೆಳಗಿನ ಕೀಲುಗಳು ಸರಿಯಾಗಿವೆ. ತಡವರಿಸಿದರೆ ಇನ್ನೊಬ್ಬರಿಂದ ಎಫ್-ಸಿ ಬಟ್ಟಲನ್ನು ಮೆಲ್ಲಗೆ ಅದುಮಿಸಿ ಮತ್ತೆ ಊದಿ. ಆಗ ಸರಿಹೋದರೆ ಕವಲಿನ ಕಾರ್ಕ್ ಒಂದು ಎಳೆ ದಪ್ಪ ಬೇಕು. ಇ-ಬಿ ಬಟ್ಟಲು ಅದುಮಿದಾಗ ಸರಿಹೋದರೆ ಅದೇ ಕಾರ್ಕನ್ನು ಎಮೆರಿ ಕಾಗದದಿಂದ ಒಂದೆರಡು ಸಲ ಉಜ್ಜಿ ತೆಳ್ಳಗೆ ಮಾಡಿ ನೋಡಿ.